ವಯಸ್ಸಾಯ್ತು ಅಂತ ಬಿಡೋದಾ, ವಿಟಮಿನ್ ಟೆಸ್ಟ್ ಮಾಡಿಸೋದಾ?

ಸರಸ್ವತಿಪುರಂ ಸೊಸೆ:
ಎಲ್ಲರಿಗೂ ನಮಸ್ಕಾರ. ನಮ್ಮತ್ತೆಗೆ 72 ವರ್ಷ. ಮೊದಲಿಂದ ಸಸ್ಯಾಹಾರಿ. ಸಕ್ಕರೆ ಕಾಯಿಲೆಗೆ ಹತ್ತು ವರ್ಷಕ್ಕೂ ಮೇಲೆ ಮೆಟ್‌ಫಾರ್ಮಿನ್ ನುಂಗುತ್ತಿದ್ದಾರೆ. ಜೊತೆಗೆ ಬೆಳಿಗ್ಗೆ ಎದ್ದ ಕೂಡಲೇ ಒಂದು ಗ್ಯಾಸ್ ಮಾತ್ರೆ, ಪ್ಯಾಂಟೊಪ್ರಜೋಲ್. ಅದನ್ನು ಯಾರು ಬರೆದುಕೊಟ್ಟರೋ, ಯಾವಾಗ ಕೊಟ್ಟರೋ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಈಚೆಗೆ ಪಾದ ಜೋಮು ಹಿಡಿದ ಹಾಗೆ, ಹತ್ತಿ ಮೇಲೆ ನಡೆದ ಹಾಗೆ ಆಗುತ್ತದೆ ಅನ್ನುತ್ತಾರೆ. ಮೊನ್ನೆ ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ತಗೊಂಡು ಹೊರಗೆ ಬಂದರೆ ಒಂದು ಕಾಲಲ್ಲಿ ಚಪ್ಪಲಿಯೇ ಇಲ್ಲ! ಜಾರಿ ಹೋಗಿದ್ದು ಅವರಿಗೆ ಗೊತ್ತೇ ಆಗಿಲ್ಲ. ಹೂವಿನ ಸಾಲಿನ ತನಕ ವಾಪಸ್ ಹೋಗಿ ಹುಡುಕಿ ತಂದೆವು. ಮುಖ ತೊಳೆಯುವಾಗ ಕಣ್ಣು ಮುಚ್ಚಿದರೆ ಓಲಾಡುತ್ತಾರೆ. ಅದಕ್ಕೇ ಒಂದು ಕೈಯಲ್ಲಿ ಸಿಂಕ್ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ತೊಳೆಯುತ್ತಾರೆ. ನಾಲಿಗೆಗೆ ಸಾರು ತಾಗಿದರೆ ಉರಿ. ಮರೆವು ಬೇರೆ, ಚುಕ್ಕಿ ರಂಗೋಲಿಯ ಲೆಕ್ಕ ತಪ್ಪುತ್ತಿದೆ. ಸಿಟ್ಟೂ ಜಾಸ್ತಿ.

ಮಾವ ವಯಸ್ಸಾಯ್ತು, ಇನ್ನೇನು ಅನ್ನುತ್ತಾರೆ. ಯಜಮಾನರು ಶುಗರ್‌ನಿಂದ ಬಂದ ನರದ ತೊಂದರೆ ಅನ್ನುತ್ತಾರೆ. ಪಕ್ಕದ ಮನೆಯವರು ವಿಟಮಿನ್ ಕಮ್ಮಿ ಇರಬೇಕು ಅಂದರು. ಯಾರ ಮಾತು ಕೇಳೋದು?

ಗಂಜಾಂ ಗೌಡ:
ಅಕ್ಕ, ನಮ್ಮ ಮನೆಯಲ್ಲೂ ಇದೇ ಕಥೆ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಹತ್ತಿರದ ಕ್ಲಿನಿಕ್‌ನಲ್ಲಿ ವಿಟಮಿನ್ ಬಿ12ರ ಆ ಕೆಂಪು ಇಂಜೆಕ್ಷನ್ ಒಂದೈದು ಹಾಕಿಸಿಬಿಡಿ. ಎದ್ದು ಓಡಾಡುತ್ತಾರೆ.

ಅಗ್ರಹಾರದ ಔಷಧಿ ಅಂಗಡಿ ಮಾವ:
ಗೌಡ್ರೇ, ಸ್ವಲ್ಪ ತಡೀರಿ. ಅಗ್ರಹಾರದಲ್ಲಿ ಔಷಧಿ ಅಂಗಡಿ ನಡೆಸಿ ಈಗ ಮನೆಯಲ್ಲಿ ಕೂತಿದ್ದೇನೆ. ಕೆಂಪು ಇಂಜೆಕ್ಷನ್ ಕೇಳಿಕೊಂಡು ಬರುತ್ತಿದ್ದವರಿಗೆ ಲೆಕ್ಕವಿಲ್ಲ. ಮೊದಲು ರಕ್ತ ಕೊಡಬೇಕು, ಆಮೇಲೆ ಇಂಜೆಕ್ಷನ್. ಒಂದು ಸಲ ಬಿ12 ಚುಚ್ಚಿಸಿಕೊಂಡರೆ ರಕ್ತದಲ್ಲಿ ಅದರ ಮಟ್ಟ ಮೇಲಕ್ಕೆ ಹೋಗಿ ಕೂರುತ್ತದೆ. ಮೊದಲು ಕಮ್ಮಿ ಇತ್ತಾ ಇಲ್ವಾ ಅಂತ ಆಮೇಲೆ ಹೇಳುವುದು ಕಷ್ಟ. ಕಾಯಿಲೆ ಬೇರೆ ಏನೋ ಆಗಿದ್ದರೆ ಅದೂ ಮುಚ್ಚಿಹೋಗುತ್ತದೆ.

ನೋಡಮ್ಮ, ನೀನು ಬರೆದಿದ್ದರಲ್ಲಿ ನನ್ನ ಕಣ್ಣು ಮೊದಲು ಹೋಗಿದ್ದು ಆ ಎರಡು ಮಾತ್ರೆಗಳ ಮೇಲೆ. ಊಟದಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಹೊಟ್ಟೆಯ ಆಸಿಡ್ ಬೇಕು. ಬಿಡಿಸಿದ ಮೇಲೆ ಹೊಟ್ಟೆಯೇ ತಯಾರಿಸುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನಿನ ಜೊತೆ ಅದು ಸೇರಬೇಕು. ಆ ಜೋಡಿ ಸಣ್ಣ ಕರುಳಿನ ಕೊನೆಯ ಭಾಗಕ್ಕೆ ಹೋದಾಗಲೇ ರಕ್ತಕ್ಕೆ ಸೇರುವುದು. ವಯಸ್ಸಾದಂತೆ ಬಹಳ ಜನಕ್ಕೆ ಆಸಿಡ್ ತಾನಾಗೇ ಕಮ್ಮಿಯಾಗುತ್ತದೆ. ಅದರ ಮೇಲೆ ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗಿದರೆ ಇದ್ದಬದ್ದ ಆಸಿಡ್ಡೂ ಹೋಯಿತು. ಮೆಟ್‌ಫಾರ್ಮಿನ್ ಕರುಳು ಬಿ12 ಹೀರಿಕೊಳ್ಳುವುದನ್ನೇ ಕುಗ್ಗಿಸುತ್ತದೆ. ಬ್ರಿಟನ್ನಿನ ಔಷಧಿ ನಿಯಂತ್ರಣ ಸಂಸ್ಥೆ 2022ರಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿತು: ಮೆಟ್‌ಫಾರ್ಮಿನ್ ತಗೊಳ್ಳುವವರಿಗೆ ಇಂಥ ಲಕ್ಷಣ ಕಂಡರೆ ಬಿ12 ನೋಡಿ ಅಂತ. ಹಾಗಂತ ಮೆಟ್‌ಫಾರ್ಮಿನ್ ನೀವೇ ನಿಲ್ಲಿಸಬೇಡಿ. ಒಳ್ಳೆ ಔಷಧಿ ಅದು. ಗ್ಯಾಸ್ ಮಾತ್ರೆ ಇನ್ನೂ ಬೇಕಾ ಅಂತ ಡಾಕ್ಟರನ್ನು ಕೇಳಲೇಬೇಕು.

ನಿಮ್ಮ ಯಜಮಾನರ ಮಾತೂ ತಪ್ಪಲ್ಲ. ಶುಗರ್‌ನಿಂದಲೂ ಪಾದ ಜೋಮು ಹಿಡಿಯುತ್ತದೆ. ಎರಡೂ ಒಟ್ಟಿಗೆ ಇರಬಹುದು. ಅದಕ್ಕೇ ಎಷ್ಟೋ ಕಡೆ ಎಲ್ಲ ತಪ್ಪನ್ನೂ ಶುಗರ್ ತಲೆಗೆ ಕಟ್ಟಿ ಬಿ12 ಮರೆತುಬಿಡುತ್ತಾರೆ.

ಸರಸ್ವತಿಪುರಂ ಸೊಸೆ:
ಮಾವ, ಆದರೆ ಅತ್ತೆ ದಿನಾ ಎರಡು ಲೋಟ ಹಾಲು ಕುಡಿಯುತ್ತಾರೆ, ಮೊಸರಿಲ್ಲದೆ ಊಟವೇ ಇಲ್ಲ. ಹಾಲಲ್ಲಿ ಬಿ12 ಇರುತ್ತದೆ ಅಲ್ವಾ?

ಅಗ್ರಹಾರದ ಔಷಧಿ ಅಂಗಡಿ ಮಾವ:
ಇರುತ್ತದಮ್ಮ. ಕಾಲು ಲೀಟರ್ ಹಾಲಲ್ಲಿ ಹೆಚ್ಚುಕಮ್ಮಿ 1 ಮೈಕ್ರೋಗ್ರಾಂ. ದಿನಕ್ಕೆ ಬೇಕಾಗಿರುವುದು 2ರಿಂದ 2.5 ಮೈಕ್ರೋಗ್ರಾಂ ಅಷ್ಟೆ. ಲೆಕ್ಕದಲ್ಲಿ ನಿಮ್ಮತ್ತೆ ಪಾಸು! ಆದರೆ ನಿಮ್ಮ ಮನೆಯ ಲೋಟ ಎಷ್ಟು ದೊಡ್ಡದು, ಅದರಲ್ಲಿ ಹಾಲೆಷ್ಟು, ನೀರೆಷ್ಟು, ಕಾಫಿ ಡಿಕಾಕ್ಷನ್ ಎಷ್ಟು ಅಂತ ನೋಡು. ಹೊಟ್ಟೆಗೆ ಹೋದದ್ದು ರಕ್ತಕ್ಕೆ ಸೇರಬೇಕಲ್ಲ, ತೊಡಕಿರುವುದು ಅಲ್ಲಿ. ಲಿವರ್‌ನಲ್ಲಿ ಕೆಲವು ವರ್ಷಕ್ಕಾಗುವಷ್ಟು ಬಿ12 ದಾಸ್ತಾನು ಇರುತ್ತದೆ. ಅದು ಕರಗುವ ತನಕ ಯಾರಿಗೂ ಸುಳಿವೇ ಸಿಗುವುದಿಲ್ಲ.

ಇಡ್ಲಿ ಹಿಟ್ಟು ಹುಳಿ ಬಂದರೆ ಬಿ12 ಬರುತ್ತದೆ, ಸ್ಪಿರುಲಿನಾದಲ್ಲಿ ಬೇಕಾದಷ್ಟಿದೆ ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಇಡ್ಲಿ ನೆಚ್ಚಿಕೊಳ್ಳುವ ಹಾಗಿಲ್ಲ. ಸ್ಪಿರುಲಿನಾದಲ್ಲಿ ಇರುವುದರಲ್ಲಿ ಬಹುಪಾಲು ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದ ಸುಳ್ಳು ಬಿ12.

ಕೆರಗೋಡು ಕಡೆಯವನು:
ಮಾವ, ನಾವು ಮಂಡ್ಯದ ಕಡೆಯವರು, ಕೋಳಿ ಕುರಿ ತಿನ್ನುವ ಜನ. ಆದರೂ ನಮ್ಮವ್ವನಿಗೆ ಕೈಕಾಲು ಜುಂ ಅನ್ನುತ್ತದೆ. ಕೈಬೆರಳ ಗೆಣ್ಣೆಲ್ಲ ಮಸಿ ಬಳಿದ ಹಾಗೆ ಕಪ್ಪಗಾಗಿದೆ. ಮೊದಲು ಹಾಗಿರಲಿಲ್ಲ. ಇದೂ ಅದೇನಾ?

ಅಗ್ರಹಾರದ ಔಷಧಿ ಅಂಗಡಿ ಮಾವ:
ಗೆಣ್ಣು ಕಪ್ಪಗಾಗುವುದು ಬಿ12 ಕೊರತೆಯಲ್ಲಿ ನಮ್ಮ ಜನಕ್ಕೆ ಚೆನ್ನಾಗಿ ಕಾಣುವ ಗುರುತು. ಚಿಕಿತ್ಸೆ ಆದ ಮೇಲೆ ತಿಳಿಯಾಗುತ್ತಾ ಬರುತ್ತದೆ. ಒಂದು ಕೇಳುತ್ತೇನೆ, ನಿಮ್ಮವ್ವ ಈಗಲೂ ಮಾಂಸ ತಿನ್ನುತ್ತಾರಾ?

ಕೆರಗೋಡು ಕಡೆಯವನು:
ಒಳ್ಳೆ ಪ್ರಶ್ನೆ ಕೇಳಿದಿರಿ. ಹಲ್ಲೆಲ್ಲ ಬಿದ್ದು ಹೋಗಿವೆ. ಹಲ್ಲಿನ ಸೆಟ್ ಮಾಡಿಸಿಕೊಟ್ಟರೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ. ಬಾಡೂಟದ ದಿನವೂ ಸಾರು ಬಿಟ್ಟುಕೊಂಡು ಮುದ್ದೆ ನುಂಗುತ್ತಾರೆ, ತುಂಡು ಮೊಮ್ಮಕ್ಕಳ ತಟ್ಟೆಗೆ. ಸೋಮವಾರ, ಶನಿವಾರ, ಶ್ರಾವಣ, ಕಾರ್ತಿಕ ಎಲ್ಲ ಕಳೆದರೆ ಉಳಿಯುವ ದಿನ ಎಷ್ಟು ಹೇಳಿ. ಮಿಕ್ಕಂತೆ ಉಪ್ಪೆಸರು, ಬಸ್ಸಾರು, ಮುದ್ದೆ. ಮುದ್ದೆಯಲ್ಲಿ ಎಲ್ಲಾ ಇದೆ ಅಂತ ನಾವು ಅಂದುಕೊಂಡಿದ್ದೆವು.

ಅಗ್ರಹಾರದ ಔಷಧಿ ಅಂಗಡಿ ಮಾವ:
ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಸೊಪ್ಪಿನಲ್ಲಿ ಫೋಲೇಟ್ ಅನ್ನುವ ಇನ್ನೊಂದು ಬಿ ವಿಟಮಿನ್ ಇದೆ. ಎರಡರಲ್ಲೂ ಬಿ12 ಮಾತ್ರ ಇಲ್ಲ, ವಿಟಮಿನ್ ಡಿ ಕೂಡ ಇಲ್ಲ. ಅವ್ವನಿಗೆ ಬೇಯಿಸಿದ ಮೊಟ್ಟೆ, ಮೀನು, ಮೆತ್ತಗೆ ಬೇಯಿಸಿದ ಲಿವರ್ ಕೊಟ್ಟು ನೋಡಿ. ಅಗಿಯುವ ಕಷ್ಟ ಇಲ್ಲ. ಮೊಟ್ಟೆಯಲ್ಲಿ ಬಿ12 ಹೆಚ್ಚಾಗಿರುವುದು ಹಳದಿಯಲ್ಲಿ. ಅದನ್ನು ತೆಗೆದಿಟ್ಟು ಬಿಳಿ ಮಾತ್ರ ಕೊಟ್ಟರೆ ಏನೂ ಬರಲಿಲ್ಲ.

ಲಿವರ್ ಅಂದಾಗ ನೆನಪಾಯಿತು. ಪರ್ನಿಷಿಯಸ್ ಅನೀಮಿಯಾ ಅಂತ ಒಂದು ಕಾಯಿಲೆ ಇದೆ. ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದೆ ಬಿ12 ಸೇರದೆ ಬರುವ ರಕ್ತಹೀನತೆ. ನೂರು ವರ್ಷದ ಹಿಂದೆ ಅದು ಬಂದರೆ ಸಾವೇ ಗತಿ. 1926ರಲ್ಲಿ ಅಮೆರಿಕದ ವೈದ್ಯರಾದ ಮೈನಾಟ್ ಮತ್ತು ಮರ್ಫಿ ರೋಗಿಗಳಿಗೆ ದಿನಾ ಲಿವರ್ ತಿನ್ನಿಸಿ ಬದುಕಿಸಿದರು. 1934ರಲ್ಲಿ ಅವರಿಗೂ ಇದೇ ದಾರಿಯಲ್ಲಿ ಸಂಶೋಧನೆ ಮಾಡಿದ್ದ ವಿಪ್ಪಲ್ ಅವರಿಗೂ ನೊಬೆಲ್ ಬಂತು. ಲಿವರ್‌ನಲ್ಲಿ ಏನಿದೆ ಅಂತ ಆಗ ಗೊತ್ತಿರಲಿಲ್ಲ. ಬಿ12 ಅನ್ನು ಬೇರ್ಪಡಿಸಿದ್ದು 1948ರಲ್ಲಿ. ಅಂಗಡಿ ಬಿಟ್ಟರೂ ಇಂಥವು ತಲೆಯಿಂದ ಹೋಗುವುದಿಲ್ಲ, ಕ್ಷಮಿಸಿ.

ಹಳೇ ಮೈಸೂರು ಮನುಷ್ಯ:
ಎಲ್ಲಾ ಸರಿ. ನಮ್ಮಜ್ಜಿ ತೊಂಬತ್ತರ ತನಕ ಇದ್ದರು, ಒಂದು ವಿಟಮಿನ್ ಹೆಸರೂ ಗೊತ್ತಿರಲಿಲ್ಲ. ಈಗ ನೋಡಿದರೆ ಎಲ್ಲರಿಗೂ ಬಿ12 ಕಮ್ಮಿ, ಡಿ ಕಮ್ಮಿ. ಫೋನ್ ಮಾಡಿ ಮಾಡಿ ತೊಂಬತ್ತು ಟೆಸ್ಟಿನ ಪ್ಯಾಕೇಜ್ ತಗೊಳ್ಳಿ ಅನ್ನುತ್ತಾರೆ. ಇದೆಲ್ಲಾ ದುಡ್ಡು ಮಾಡುವ ದಂಧೆ.

ಲ್ಯಾಬ್ ಹುಡುಗ:
ಸರ್, ನಾನು ಲ್ಯಾಬ್‌ನಲ್ಲೇ ಕೆಲಸ ಮಾಡುವವನು. ಪ್ಯಾಕೇಜ್ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ವಿಟಮಿನ್ ಎ, ಇ, ಕೆ, ಸೀಸ, ಪಾದರಸ ಅಂತ ಎಲ್ಲ ಅಳೆಸುವುದರಿಂದ ಅಕ್ಕನ ಅತ್ತೆಗೆ ಏನೂ ಪ್ರಯೋಜನವಿಲ್ಲ. ಆದರೆ ನಿಮ್ಮಜ್ಜಿ ಕಾಲದಲ್ಲಿ ಮರೆವು, ಓಲಾಟ ಬಂದರೆ ಅರವತ್ತಕ್ಕೆ ಅರಳು ಮರಳು ಅಂತ ಒಂದು ಮಾತಲ್ಲಿ ಮುಗಿಸುತ್ತಿದ್ದರು. ಅವರಲ್ಲಿ ಎಷ್ಟು ಜನಕ್ಕೆ ಬಿ12 ಕಮ್ಮಿ ಇತ್ತೋ ಯಾರು ನೋಡಿದರು?

ಅಕ್ಕ, ನಿಮ್ಮತ್ತೆಗೆ ಡಾಕ್ಟರ್ ಸಾಮಾನ್ಯವಾಗಿ ಬರೆಯುವುದು ಸಿಬಿಸಿ (ರಕ್ತಕಣಗಳ ಎಣಿಕೆ), ಪೆರಿಫೆರಲ್ ಸ್ಮಿಯರ್ (ರಕ್ತವನ್ನು ಗಾಜಿನ ಮೇಲೆ ಸವರಿ ಕಣ ನೋಡುವುದು), ಬಿ12, ಫೆರಿಟಿನ್ (ಕಬ್ಬಿಣಾಂಶದ ದಾಸ್ತಾನು), ಥೈರಾಯ್ಡ್, ಕ್ರಿಯಾಟಿನಿನ್ (ಕಿಡ್ನಿ ಟೆಸ್ಟು). ಬೇಕಾದರೆ ಡಿ. ಸಿಬಿಸಿಯಲ್ಲಿ ಎಂಸಿವಿ ಅಂತ ಒಂದು ಸಾಲಿರುತ್ತದೆ, ಕೆಂಪು ಕಣದ ಗಾತ್ರ. ಬಿ12 ಕಮ್ಮಿಯಾದರೆ ಕಣ ದಪ್ಪಗಾಗಿ ಅದು 100 ದಾಟುತ್ತದೆ ಅಂತ ಪುಸ್ತಕದಲ್ಲಿದೆ. ನಮ್ಮಲ್ಲಿ ಬಹಳ ಜನಕ್ಕೆ ಕಬ್ಬಿಣಾಂಶವೂ ಕಮ್ಮಿ. ಅದು ಕಣವನ್ನು ಚಿಕ್ಕದು ಮಾಡುತ್ತದೆ. ಒಂದು ಮೇಲಕ್ಕೆ ಎಳೆದು, ಇನ್ನೊಂದು ಕೆಳಕ್ಕೆ ಎಳೆದು ಎಂಸಿವಿ ನಾರ್ಮಲ್ ಅಂತ ಬಂದುಬಿಡುತ್ತದೆ! ಸ್ಮಿಯರ್ ನೋಡಿದರೆ ದೊಡ್ಡ ಕಣ, ಚಿಕ್ಕ ಕಣ ಎರಡೂ ಕಾಣುತ್ತವೆ. ರಿಪೋರ್ಟಿನಲ್ಲಿ ಡೈಮಾರ್ಫಿಕ್ ಅಂತ ಬರೆಯುತ್ತೇವೆ. ಇನ್ನೊಂದು, ರಕ್ತ ಪೂರ್ತಿ ಚೆನ್ನಾಗಿದ್ದರೂ ನರ ಕೆಟ್ಟಿರಬಹುದು. ಹಿಮೋಗ್ಲೋಬಿನ್ 13 ಇದೆ, ಬಿ12 ತೊಂದರೆ ಇರಲಾರದು ಅಂತ ಬಿಡುವ ಹಾಗಿಲ್ಲ.

ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ರಕ್ತ ಕೊಡುವ ಮುಂಚೆ ಹೇಳಿ. ಥೈರಾಯ್ಡ್, ಹೃದಯದ ಟೆಸ್ಟುಗಳನ್ನು ಅದು ಅಡ್ಡದಾರಿಗೆ ಎಳೆಯುತ್ತದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ.

ಕುವೆಂಪುನಗರ ಫಿಸಿಯೊ:
ಬಿ12 ಬಗ್ಗೆ ಮಾವ, ಲ್ಯಾಬ್ ಹುಡುಗ ಹೇಳಿದ್ದಾರೆ. ನಾನು ದಿನಾ ನೋಡುವುದು ಡಿ ಕಮ್ಮಿ ಇರುವವರನ್ನು. ಬಿ12 ತೊಂದರೆ ಪಾದದಿಂದ ಶುರುವಾಗುತ್ತದೆ: ಜೋಮು, ಉರಿ, ಕತ್ತಲಲ್ಲಿ ಸಮತೋಲ ತಪ್ಪುವುದು. ಡಿ ತೊಂದರೆ ತೊಡೆ, ಸೊಂಟದಲ್ಲಿ. ನೆಲದ ಮೇಲೆ ಕೂತು ಊಟ ಮಾಡಿದವರು ಏಳುವಾಗ ಗಮನಿಸಿ. ಮೊದಲು ನೆಲಕ್ಕೆ ಕೈ ಊರುತ್ತಾರೆ, ಆಮೇಲೆ ಮಂಡಿಗೆ, ಆಮೇಲೆ ತೊಡೆಗೆ, ತಮ್ಮ ಮೈಯನ್ನೇ ಹತ್ತಿ ನಿಲ್ಲುತ್ತಾರೆ. ಬಸ್ಸಿನ ಮೆಟ್ಟಿಲು ಕಷ್ಟ. ಪಕ್ಕೆಲುಬು, ಮೊಣಕಾಲ ಕೆಳಗಿನ ಮೂಳೆ ಒತ್ತಿದರೆ ನೋವು. ಇದನ್ನೆಲ್ಲ ವಾಯು ಅಂತ ಎಣ್ಣೆ ತಿಕ್ಕಿಕೊಂಡು ಕೂರುತ್ತಾರೆ. ಕೊನೆಗೆ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಬರುತ್ತಾರೆ.

ಇಷ್ಟು ಬಿಸಿಲಿರುವ ಊರಲ್ಲಿ ಡಿ ಯಾಕೆ ಕಮ್ಮಿ ಅಂತ ಎಲ್ಲರೂ ಕೇಳುತ್ತಾರೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ಆರಕ್ಕೆ ವಾಕ್ ಮಾಡಿದರೆ ಹೃದಯಕ್ಕೆ ಒಳ್ಳೆಯದು, ಡಿ ಮಾತ್ರ ಸಿಗುವುದಿಲ್ಲ. ಡಿ ಮಾಡಿಸುವ ಕಿರಣ ಎಳೆ ಬಿಸಿಲಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಚಿಕ್ಕದಾಗಿದ್ದಾಗ ಆ ಕಿರಣ ಇರುತ್ತದೆ. ಮೈಸೂರು ಭೂಮಧ್ಯರೇಖೆಗೆ ಹತ್ತಿರ, ಡಿಸೆಂಬರ್‌ನಲ್ಲೂ ಮಧ್ಯಾಹ್ನದ ನೆರಳು ಚಿಕ್ಕದೇ. ಕಿಟಕಿ ಗಾಜಿನ ಹಿಂದೆ ಕೂತರೆ ಆಗದು, ಗಾಜು ಆ ಕಿರಣವನ್ನು ತಡೆಯುತ್ತದೆ. ಆದರೆ ಎಪ್ಪತ್ತರ ಚರ್ಮ ಇಪ್ಪತ್ತರ ಚರ್ಮದ ಅರ್ಧದಷ್ಟೂ ಡಿ ಮಾಡುವುದಿಲ್ಲ. ಬಿ.ಪಿ. ಮಾತ್ರೆ ತಗೊಳ್ಳುವ ಹಿರಿಯರನ್ನು ಏಪ್ರಿಲ್ ಬಿಸಿಲಲ್ಲಿ ತಾರಸಿ ಮೇಲೆ ಕೂರಿಸಿ ತಲೆ ಸುತ್ತಿ ಬೀಳಿಸಬೇಡಿ. ಡಿ ತೀರಾ ಕಮ್ಮಿ ಇದ್ದರೆ ಮಾತ್ರೆಯೇ ಬೇಕು.

ವಿಜಯನಗರ 2ನೇ ಹಂತ:
ಡಿ ಮಾತ್ರೆ ಅಂದಿರಲ್ಲ, ಒಂದು ಮಾತು. ನಮ್ಮ ಚಿಕ್ಕಪ್ಪನಿಗೆ 60,000 ಯೂನಿಟ್‌ನ ಪುಡಿ ಪ್ಯಾಕೆಟ್ ವಾರಕ್ಕೊಂದು ಅಂತ ಬರೆದಿದ್ದರು. ಕೊಟ್ಟವರು ಶಕ್ತಿ ಪುಡಿ, ಹಾಲಲ್ಲಿ ಹಾಕಿಕೊಂಡು ಕುಡೀರಿ ಅಂದರಂತೆ. ಇವರು ರಾತ್ರಿ ಹಾಲಿಗೆ ದಿನಾ ಒಂದು ಹಾಕಿಕೊಂಡು ಕುಡಿದರು. ಖಾಲಿಯಾದರೆ ಮತ್ತೆ ತಂದರು, ಯಾರೂ ಚೀಟಿ ಕೇಳಲಿಲ್ಲ. ಕೊನೆಗೆ ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಮಾತು ಅಸ್ತವ್ಯಸ್ತ. ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು, ಕಿಡ್ನಿಗೂ ಪೆಟ್ಟು. ಅಡ್ಮಿಟ್ ಮಾಡಿ ಡ್ರಿಪ್ ಹಾಕಿ ಇಳಿಸಿದರು.

ಅಗ್ರಹಾರದ ಔಷಧಿ ಅಂಗಡಿ ಮಾವ:
ಇದು ಬಹಳ ಕಡೆ ಆಗುವ ಅನಾಹುತ. ಬಿ12 ನೀರಿನಲ್ಲಿ ಕರಗುವಂಥದ್ದು, ಜಾಸ್ತಿಯಾದರೆ ಮೂತ್ರದಲ್ಲಿ ಹೋಗುತ್ತದೆ. ಡಿ ಹಾಗಲ್ಲ. ಕೊಬ್ಬಿನಲ್ಲಿ ಸೇರಿ ಅಲ್ಲೇ ಉಳಿಯುತ್ತದೆ. ಸಾಮಾನ್ಯವಾಗಿ ವಾರಕ್ಕೊಂದರಂತೆ 8 ವಾರ, ಆಮೇಲೆ ಡಾಕ್ಟರ್ ಹೇಳಿದ ಹಾಗೆ. ಕ್ಯಾಲೆಂಡರ್‌ನಲ್ಲಿ ಭಾನುವಾರಕ್ಕೆ ಗುರುತು ಹಾಕಿ, ಮಿಕ್ಕ ಪ್ಯಾಕೆಟ್ ಮಗನ ಬೀರುವಿನಲ್ಲಿಡಿ. ಬಿ ಕಾಂಪ್ಲೆಕ್ಸ್‌ನಲ್ಲೂ ಒಂದು ಕೊಕ್ಕೆ ಇದೆ. ಅದರಲ್ಲಿರುವ ಬಿ6 ದೊಡ್ಡ ಪ್ರಮಾಣದಲ್ಲಿ ಬಹಳ ಕಾಲ ತಗೊಂಡರೆ ಅದರಿಂದಲೇ ಪಾದ ಜೋಮು ಹಿಡಿಯುತ್ತದೆ. ಜೋಮಿಗೆ ಅಂತ ನುಂಗಿದ ಮಾತ್ರೆಯೇ ಜೋಮು ತಂದರೆ ಯಾರಿಗೆ ಹೇಳೋಣ?

ಸರಸ್ವತಿಪುರಂ ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ಹೋಗಿ ಬಂದೆವು. ಡಾಕ್ಟರ್ ಮೊದಲು ಅತ್ತೆಯನ್ನು ಕಾಲು ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿ ಅಂದರು. ಮುಚ್ಚಿದ ತಕ್ಷಣ ವಾಲಿದರು, ಡಾಕ್ಟರ್ ಹಿಡಿದುಕೊಂಡರು. ಆಮೇಲೆ ಕವಲು ಕಡ್ಡಿಯಂಥ ಒಂದು ಕಬ್ಬಿಣ ತಟ್ಟಿ ಕಾಲ ಹೆಬ್ಬೆರಳ ಮೇಲೆ ಇಟ್ಟು, ಅದುರುತ್ತಿದೆಯಾ ಅಂತ ಕೇಳಿದರು. ಅತ್ತೆ ಇಲ್ಲ ಅಂದರು. ಅದೇ ಕಡ್ಡಿ ನನ್ನ ಹೆಬ್ಬೆರಳ ಮೇಲೆ ಇಟ್ಟಾಗ ಝುಂ ಅಂತ ಚೆನ್ನಾಗಿ ಗೊತ್ತಾಯಿತು. ನಾಲಿಗೆ ನೋಡಿದರು. ಕೆಂಪಗೆ, ನುಣ್ಣಗೆ, ಒಂದು ತರಿ ಇಲ್ಲ. ದಿನಾ ಎದುರಿಗೆ ಕೂತು ಊಟ ಮಾಡುತ್ತೇವೆ, ಯಾರು ನಾಲಿಗೆ ನೋಡುತ್ತಾರೆ ಹೇಳಿ.

ರಿಪೋರ್ಟ್: ಬಿ12 142, ಹಿಮೋಗ್ಲೋಬಿನ್ 10.8, ಎಂಸಿವಿ 94, ಫೆರಿಟಿನ್ ಕಮ್ಮಿ, ಡಿ 17, ಅದೂ ಕಮ್ಮಿ. ಸ್ಮಿಯರ್‌ನಲ್ಲಿ ಲ್ಯಾಬ್ ಹುಡುಗ ಹೇಳಿದ ಡೈಮಾರ್ಫಿಕ್ ಅನ್ನುವ ಪದವೇ ಇತ್ತು. ಇಂಜೆಕ್ಷನ್ ಶುರುವಾಗಿದೆ. ಗ್ಯಾಸ್ ಮಾತ್ರೆ ನಿಧಾನವಾಗಿ ಬಿಡಿಸುತ್ತಾರಂತೆ. ಕಬ್ಬಿಣದ ಮಾತ್ರೆ ಕೊಟ್ಟು, ರಕ್ತ ಎಲ್ಲಾದರೂ ಸೋರುತ್ತಿದೆಯಾ ಅಂತಲೂ ನೋಡಬೇಕು ಅಂದರು. ಮೆಟ್‌ಫಾರ್ಮಿನ್ ಹಾಗೇ ಇದೆ.

ನನ್ನ ದೊಡ್ಡ ಪ್ರಶ್ನೆ: ಮರೆವು ಹೋಗುತ್ತಾ?

ಲ್ಯಾಬ್ ಹುಡುಗ:
142 ಅಂದರೆ ಸ್ಪಷ್ಟವಾಗಿ ಕಮ್ಮಿ ಅಕ್ಕ. 200ಕ್ಕಿಂತ ಕೆಳಗಿದ್ದರೆ ಕೊರತೆ ಅಂತಲೇ ಲೆಕ್ಕ. 200ರಿಂದ 300ರ ಒಳಗಿದ್ದರೆ ಗೊಂದಲ, ಆಗ ಬಿ12 ಕಮ್ಮಿಯಾದರೆ ರಕ್ತದಲ್ಲಿ ಏರುವ ಹೋಮೋಸಿಸ್ಟೀನ್ ಥರದ ಟೆಸ್ಟು ನೋಡುತ್ತಾರೆ.

ಅಗ್ರಹಾರದ ಔಷಧಿ ಅಂಗಡಿ ಮಾವ:
ಮರೆವಿನ ಬಗ್ಗೆ ನೇರವಾಗಿ ಹೇಳುತ್ತೇನಮ್ಮ. ರಕ್ತ ಎರಡು ತಿಂಗಳಲ್ಲಿ ಸರಿಹೋಗುತ್ತದೆ. ನಾಲಿಗೆ ಅದಕ್ಕೂ ಬೇಗ. ನರಕ್ಕೆ ಆರು ತಿಂಗಳು, ವರ್ಷ ಹಿಡಿಯಬಹುದು. ಎಷ್ಟು ಕಾಲ ಕೊರತೆ ಇತ್ತು ಅನ್ನುವುದರ ಮೇಲೆ ನಿಂತಿದೆ. ತುಂಬಾ ಹಳೆಯದಾದರೆ ಪೂರ್ತಿ ವಾಪಸ್ ಬರದೇ ಇರಬಹುದು. ಮರೆವು ಬಿ12ನಿಂದಲೇ ಬಂದಿದ್ದರೆ ಸುಧಾರಿಸುತ್ತದೆ. ಆಲ್‌ಝೈಮರ್‌ನಂಥದ್ದು ಇದ್ದರೆ ಬಿ12 ಅದನ್ನು ವಾಸಿ ಮಾಡುವುದಿಲ್ಲ. ಮಟ್ಟ ಸರಿ ಇರುವವರು ಬುದ್ಧಿ ಚುರುಕಾಗಲಿ ಅಂತ ಹಾಕಿಸಿಕೊಂಡರೆ ದುಡ್ಡು ದಂಡ. ಆರು ತಿಂಗಳಾದ ಮೇಲೂ ರಂಗೋಲಿ ಲೆಕ್ಕ ತಪ್ಪುತ್ತಿದ್ದರೆ ನರದ ಡಾಕ್ಟರ್‌ಗೆ ತೋರಿಸಿ. ಮಧ್ಯದಲ್ಲಿ ಬಾಯಿ ಸೊಟ್ಟಗಾಗುವುದು, ಒಂದೇ ಕಡೆ ಕೈಕಾಲು ಬಿದ್ದುಹೋಗುವುದು, ಮಾತು ತೊದಲುವುದು ದಿಢೀರ್ ಅಂತ ಬಂದರೆ ಅದು ವಿಟಮಿನ್ ಅಲ್ಲ, ಪಾರ್ಶ್ವವಾಯು. ಆ ಗಳಿಗೆಯಲ್ಲೇ ಆಸ್ಪತ್ರೆಗೆ ಓಡಬೇಕು.

ಬಿ12 ಇಲ್ಲದೆ ಫೋಲಿಕ್ ಆಸಿಡ್ (ಮಾತ್ರೆಯ ರೂಪದ ಫೋಲೇಟ್) ಒಂದನ್ನೇ ಯಾರಾದರೂ ಕೊಟ್ಟರೆ ಬೇಡ ಅನ್ನಿ. ರಕ್ತ ಚೆನ್ನಾಗಿ ಕಾಣುತ್ತದೆ, ಒಳಗೆ ನರ ಕೆಡುತ್ತಾ ಹೋಗುತ್ತದೆ.

ಗಂಜಾಂ ಗೌಡ:
ಮಾವ, ಇಂಜೆಕ್ಷನ್ ಜೀವನಪೂರ್ತಿ ಬೇಕಾ? ನಮ್ಮ ಮನೆಯಲ್ಲಿ ಸೂಜಿ ಕಂಡರೆ ಆಗದು.

ಅಗ್ರಹಾರದ ಔಷಧಿ ಅಂಗಡಿ ಮಾವ:
ಎಲ್ಲರಿಗೂ ಬೇಡ ಗೌಡ್ರೇ. ನರಕ್ಕೆ ತೊಂದರೆ ಆಗಿದ್ದರೆ ಮೊದಲು ಇಂಜೆಕ್ಷನ್ನೇ ಸರಿ. ಆಮೇಲೆ ದಿನಾ 1,000 ಮೈಕ್ರೋಗ್ರಾಂ ಮಾತ್ರೆ ಬಹಳ ಜನಕ್ಕೆ ಸಾಕಾಗುತ್ತದೆ. ಮಾತ್ರೆಯ ಬಿ12 ಪ್ರೋಟೀನಿಗೆ ಅಂಟಿಕೊಂಡಿರುವುದಿಲ್ಲ, ಆಸಿಡ್ ಹಂಗೂ ಇಲ್ಲ. ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದಿದ್ದರೂ ನೂರರಲ್ಲಿ ಒಂದು ಪಾಲು ತಾನಾಗೇ ನುಸುಳುತ್ತದೆ. 1,000ದಲ್ಲಿ ನೂರನೇ ಒಂದು ಪಾಲು ಅಂದರೆ 10 ಮೈಕ್ರೋಗ್ರಾಂ. ಬೇಕಾದ್ದಕ್ಕಿಂತ ಜಾಸ್ತಿಯೇ ಆಯಿತಲ್ಲ.

ಸರಸ್ವತಿಪುರಂ ಸೊಸೆ:
ಅತ್ತೆ ಕಬ್ಬಿಣದ ಮಾತ್ರೆಯನ್ನು ಫಿಲ್ಟರ್ ಕಾಫಿ ಜೊತೆ ನುಂಗುತ್ತಾರೆ. ನಾನು ಹೇಳಿದರೆ ಕೇಳುವುದಿಲ್ಲ.

ಅಗ್ರಹಾರದ ಔಷಧಿ ಅಂಗಡಿ ಮಾವ:
ಕಾಫಿಗೂ ಅದಕ್ಕೂ ಒಂದೆರಡು ಗಂಟೆ ಅಂತರ ಬೇಕು, ಇಲ್ಲದಿದ್ದರೆ ಕಬ್ಬಿಣ ಸೇರುವುದಿಲ್ಲ. ನಿಂಬೆ ಪಾನಕದ ಜೊತೆ ಕೊಡು, ಸಕ್ಕರೆ ಹಾಕದೆ. ಕ್ಯಾಲ್ಸಿಯಂ ಮಾತ್ರೆ ಇದ್ದರೆ ಅದು ಬೇರೆ ಹೊತ್ತಿಗೆ. ಥೈರಾಯ್ಡ್ ಮಾತ್ರೆ ತಗೊಳ್ಳುವವರು ಕಬ್ಬಿಣ, ಕ್ಯಾಲ್ಸಿಯಂ ಎರಡಕ್ಕೂ ನಾಲ್ಕು ಗಂಟೆ ಬಿಡಬೇಕು. ಡಾಕ್ಟರ್ ಬಾಯಲ್ಲಿ ಹೇಳಿಸು, ಕೇಳುತ್ತಾರೆ.

ಕೆರಗೋಡು ಕಡೆಯವನು:
ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲಿ ತೋರಿಸೋಣ ಅಂತಿದ್ದೇನೆ. ಯಾವ ವಿಭಾಗಕ್ಕೆ ಹೋಗಬೇಕು? ಏನೇನು ಒಯ್ಯಬೇಕು?

ಲ್ಯಾಬ್ ಹುಡುಗ:
ಜನರಲ್ ಮೆಡಿಸಿನ್ ಓಪಿಡಿ ಅಣ್ಣ, ಬೆಳಿಗ್ಗೆ ಬೇಗ ಹೋಗಿ. ಅವ್ವ ನುಂಗುವ ಮಾತ್ರೆಗಳ ಡಬ್ಬ ಪೂರ್ತಿ ಒಯ್ಯಿರಿ. ನಾಟಿ ಔಷಧಿ, ಪಕ್ಕದ ಮನೆಯವರು ಕೊಟ್ಟ ಬಿಳಿ ಮಾತ್ರೆ, ಅರ್ಧ ಹರಿದ ಸ್ಟ್ರಿಪ್ ಯಾವುದನ್ನೂ ಬಿಡಬೇಡಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಅದನ್ನು ಮೊದಲೇ ಹೇಳಿ. ಹಲ್ಲಿನ ಸೆಟ್ಟೂ ಜೊತೆಗಿರಲಿ, ಯಾಕೆ ಹಾಕಿಕೊಳ್ಳುತ್ತಿಲ್ಲ ಅಂತ ಪಕ್ಕದಲ್ಲೇ ದಂತ ವೈದ್ಯರಿಗೆ ತೋರಿಸಿಬಿಡಿ. ಒಸಡಿಗೆ ಒತ್ತುತ್ತಿದ್ದರೆ ತಿದ್ದಿಕೊಡುತ್ತಾರೆ.